ನೋವಿಲ್ಲ ತಾನೆ, ಬಿಡು ಅನ್ನೋರಿಗೆ

ಕತ್ತಲ್ಲಿ ಗಂಟಾಗಿದೆ ಅಂತ ಯಾರ ಹತ್ರನಾದ್ರೂ ಹೇಳಿ ನೋಡಿ, ಮೊದಲು ಕೇಳೋದು ಒಂದೇ, ನೋವಿದ್ಯಾ ಅಂತ. ಇಲ್ಲ ಅಂದ್ರೆ ಸಾಕು, ಹಂಗಾದ್ರೆ ಏನಿಲ್ಲ ಬಿಡು, ತಾನಾಗೇ ಕರಗುತ್ತೆ ಅಂದುಬಿಡ್ತಾರೆ. ನನಗೂ ಮನೆಯವರು, ನೆಂಟರು, ಆಫೀಸಿನವರು ಎಲ್ಲ ಸೇರಿ ಇದೇ ಸರ್ಟಿಫಿಕೇಟ್ ಕೊಟ್ರು. ಕಾಳಜಿಯಿಂದ್ಲೇ ಹೇಳಿದ್ದು, ಅದರಲ್ಲಿ ಡೌಟಿಲ್ಲ. ಆದ್ರೆ ಕತ್ತಿನ ಗಂಟಿನ ವಿಷಯದಲ್ಲಿ ಈ ಲೆಕ್ಕ ಹೆಚ್ಚುಕಮ್ಮಿ ಉಲ್ಟಾ ಕಣ್ರೀ.

ಮುಟ್ಟಿದ್ರೆ ನೋಯೋ ಗಂಟು, ನೆಗಡಿ ಗಂಟಲುನೋವು ಬಂದಾಗ್ಲೋ ಹಲ್ಲು ಕೆಟ್ಟಾಗ್ಲೋ ದಿಢೀರ್ ಅಂತ ಎದ್ದಿದ್ದು, ಸಾಮಾನ್ಯವಾಗಿ ಸೋಂಕಿಂದು. ಕತ್ತಲ್ಲಿ ಸೋಂಕಿನ ಜೊತೆ ಹೋರಾಡೋ ಪುಟ್ಟ ಗ್ರಂಥಿಗಳು, ಅಂದ್ರೆ ಲಿಂಫ್ ನೋಡ್‌ಗಳೇ ಸುಮಾರು 300 ಇರ್ತವೆ, ಬಾಯಿ ಕಿವಿ ಗಂಟಲು ತಲೆ ಚರ್ಮ ಎಲ್ಲೇ ಸೋಂಕಾದ್ರೂ ಅಲ್ಲೇ ಹತ್ರ ಇರೋದು ಊದ್ಕೊಳ್ಳುತ್ತೆ. ಮಕ್ಕಳು ತಲೇಲಿ ಹೇನಾಗಿ ಕೆರ್ಕೊಂಡು ಗಾಯ ಮಾಡ್ಕೊಂಡ್ರೂ ಕತ್ತಿನ ಹಿಂದೆ ಗಂಟು ಏಳೋದುಂಟು. ಇಂಥವು ಬಹಳಷ್ಟು ಕೆಲವೇ ವಾರದಲ್ಲಿ ಇಳಿದುಹೋಗ್ತವೆ.

ತಲೆ ಕೆಡಿಸ್ಕೊಬೇಕಾಗಿರೋದು ಸದ್ದಿಲ್ಲದೆ ಕೂತಿರೋದರ ಬಗ್ಗೆ. ಎರಡು ವಾರ ಕಳೆದ್ರೂ ಇಳೀತಿಲ್ಲ, ಒಂದೂವರೆ ಸೆಂಟಿಮೀಟರ್‌ಗಿಂತ ದೊಡ್ಡದಿದೆ, ಗಟ್ಟಿಯಾಗಿದೆ, ಬೆರಳಲ್ಲಿ ತಳ್ಳಿದ್ರೆ ಜರುಗಲ್ಲ, ಇದರಲ್ಲಿ ಒಂದಿದ್ರೂ ನೋವಿಗೆ ಕಾಯ್ಬೇಡಿ. ವಯಸ್ಸು 40 ದಾಟಿದ್ದು ಬೀಡಿ ಸಿಗರೇಟ್ ತಂಬಾಕು ಕುಡಿತ ಇದ್ರಂತೂ ಇನ್ನೂ ಬೇಗ ಹೋಗಿ. ಜೊತೆಗೆ ದನಿ ಒಡೆದಿರೋದು, ನುಂಗೋಕೆ ಕಷ್ಟ, ಕಿವಿ ಚೆನ್ನಾಗಿದ್ರೂ ಒಂದೇ ಕಡೆ ಕಿವಿನೋವು, ಸುಮ್ಸುಮ್ನೆ ತೂಕ ಇಳಿಯೋದು, ರಾತ್ರಿ ಬಟ್ಟೆ ಒದ್ದೆಯಾಗೋ ಥರ ಬೆವರು, ಇವನ್ನೆಲ್ಲ ಡಾಕ್ಟರ್ ಕೇಳೋ ಮುಂಚೆ ನೀವೇ ಹೇಳಿ. ಕಾಲರ್ ಬೋನ್ ಮೇಲಿನ ಗುಳೀಲಿ ಕೈಗೆ ಸಿಗೋ ಗಂಟನ್ನಂತೂ ಚಿಕ್ಕದು ಅಂತ ಬಿಡಲೇಬಾರದು, ಎಡಗಡೆ ಅಲ್ಲಿ ಕಾಣಿಸ್ಕೊಂಡಿದ್ದರ ಮೂಲ ಕೆಲವು ಸಲ ಹೊಟ್ಟೆಯೊಳಗಿನ ಕ್ಯಾನ್ಸರ್ ಆಗಿರುತ್ತೆ.

ಹಾಗಂತ ರಾತ್ರಿಯೆಲ್ಲ ಕನ್ನಡಿ ಮುಂದೆ ಕತ್ತು ಹಿಸುಕ್ತಾ ನಿಲ್ಲೋದೂ ಬೇಡ. ದವಡೆ ಕೆಳಗಿರೋ ಜೊಲ್ಲಿನ ಗ್ರಂಥಿ, ಗಂಟಲ ಮೇಲ್ಭಾಗದ ಚಿಕ್ಕ ಮೂಳೆ, ಟಕ್ ಟಕ್ ಅಂತ ಮಿಡಿಯೋ ರಕ್ತನಾಳ ಇವೆಲ್ಲ ಹುಟ್ಟಿದಾಗಿಂದ ಅಲ್ಲೇ ಇರೋವು, ಹುಡುಕೋಕೆ ಕೂತ್ರೆ ಎಲ್ಲವೂ ಗಂಟೇ ಅನ್ಸುತ್ತೆ. ಪದೇ ಪದೇ ಒತ್ತಿ ಒತ್ತಿ ನೋಡಿದ್ರೆ ನೋವಿಲ್ಲದ್ದೂ ನೋಯೋಕೆ ಶುರುವಾಗುತ್ತೆ, ಆಮೇಲೆ ಅದೊಂದು ಹೊಸ ಚಿಂತೆ.

ನಂದು ಕತ್ತಿನ ಮುಂಭಾಗದಲ್ಲಿತ್ತು. ಇಎನ್‌ಟಿ ಡಾಕ್ಟರ್ ನನ್ನ ಹಿಂದೆ ನಿಂತು ಎರಡೂ ಕೈಬೆರಳು ಗಂಟಲ ಮೇಲಿಟ್ಟು, ಒಂದು ಗುಟುಕು ನೀರು ಕುಡೀರಿ ಅಂದ್ರು. ನುಂಗಿದಾಗ ಗಂಟೂ ಮೇಲೆ ಕೆಳಗೆ ಆಡಿದ್ರೆ ಅದು ಕತ್ತಿನ ಮುಂದಿರೋ ಗ್ರಂಥಿ ಥೈರಾಯ್ಡ್‌ಗೆ ಅಂಟ್ಕೊಂಡಿರೋದು ಅಂತ ಲೆಕ್ಕ. ಆಮೇಲೆ ನಾಲಿಗೆ, ಟಾನ್ಸಿಲ್, ಬಾಯೊಳಗೆಲ್ಲ ಟಾರ್ಚ್ ಹಾಕಿ ನೋಡಿದ್ರು, ಗಂಟು ಕತ್ತಲ್ಲಿದ್ರೂ ಅದರ ಬೇರು ಎಷ್ಟೋ ಸಲ ಬಾಯಲ್ಲೋ ಗಂಟಲಲ್ಲೋ ಇರುತ್ತಲ್ಲ, ಅದಕ್ಕೆ. ಇಲ್ಲಿ ಇನ್ನೊಂದು ಗೊಂದಲ ಇದೆ. ಟಿಎಸ್‌ಎಚ್ ಅನ್ನೋ ಥೈರಾಯ್ಡ್ ಬ್ಲಡ್ ಟೆಸ್ಟ್ ರಿಪೋರ್ಟ್ ನಾರ್ಮಲ್ ಬಂತು, ಸೋ ಗಂಟಿಂದೇನೂ ತೊಂದ್ರೆ ಇಲ್ಲ ಅಂತ ತುಂಬಾ ಜನ ಮನೆಗೆ ಹೋಗ್ತಾರೆ. ಆ ಬ್ಲಡ್ ಟೆಸ್ಟ್ ಹೇಳೋದು ಗ್ರಂಥಿ ಹೆಂಗೆ ಕೆಲಸ ಮಾಡ್ತಿದೆ ಅಂತ ಅಷ್ಟೇ. ಗಂಟು ಎಂಥದ್ದು ಅಂತ ತಿಳೀಬೇಕಂದ್ರೆ ಅಲ್ಟ್ರಾಸೌಂಡ್ ಬೇಕು, ಅದರಲ್ಲಿ ಕಂಡಿದ್ದು ನೋಡಿ ಬೇಕನ್ಸಿದ್ರೆ ಸೂಜಿ ಟೆಸ್ಟ್, ಅಂದ್ರೆ ಎಫ್‌ಎನ್‌ಎಸಿ. ಥೈರಾಯ್ಡ್ ಗಂಟುಗಳಲ್ಲಿ 100ಕ್ಕೆ 90ರಷ್ಟು ಕ್ಯಾನ್ಸರ್ ಅಲ್ಲ, ನಂದೂ ಅಲ್ಲ.

ಎಫ್‌ಎನ್‌ಎಸಿ ಅಂದ್ರೆ ಸೂಜಿ ಚುಚ್ಚಿ ಅದರೊಳಗಿನ ಜೀವಕೋಶ ತೆಗೆದು ಮೈಕ್ರೋಸ್ಕೋಪಲ್ಲಿ ನೋಡೋದು. ಸೂಜಿ ಚುಚ್ಚಿಸ್ಕೊಂಡ್ರೆ ಕ್ಯಾನ್ಸರ್ ಮೈಯೆಲ್ಲ ಹರಡುತ್ತೆ ಅಂತ ಎಷ್ಟು ಜನ ಹೆದರ್ಸಿದ್ರು ಗೊತ್ತಾ, ಅದೂ ಓದ್ಕೊಂಡೋರೇ! ಅಷ್ಟು ತೆಳು ಸೂಜಿಯಿಂದ ಹಂಗಾಗೋದು ತೀರಾ ಅಪರೂಪ, ಆ ಹೆದರಿಕೆಗೆ ಟೆಸ್ಟೇ ಬಿಡೋದ್ರಲ್ಲಿ ಅರ್ಥ ಇಲ್ಲ. ಭುಜದ ಕೆಳಗೆ ದಿಂಬಿಟ್ಟು ಕತ್ತು ಹಿಂದಕ್ಕೆ ಬಾಗಿಸಿ ಮಲಗಿಸ್ತಾರೆ, ಸ್ಪಿರಿಟ್ ತಣ್ಣಗೆ ತಗಲುತ್ತೆ, ಈಗ ಮಾತಾಡ್ಬೇಡಿ ಉಗುಳು ನುಂಗ್ಬೇಡಿ ಅಂತಾರೆ. ನುಂಗ್ಬೇಡಿ ಅಂದ್ಮೇಲೇ ನೋಡಿ ಬಾಯಲ್ಲಿ ನೀರೂರೋದು. ಸೂಜಿ ಒಳಗೆ ಹೋದ್ಮೇಲೆ ಹಿಂದಕ್ಕೆ ಮುಂದಕ್ಕೆ ಆಡಿಸ್ತಾರೆ, ಆ ಒಂದು ಕ್ಷಣ ವಿಚಿತ್ರ ಅನ್ಸುತ್ತೆ, ನೋವು ಅನ್ನೋದಕ್ಕಿಂತ ಯಾರೋ ಒಳಗಿಂದ ತಡಕಾಡ್ತಿರೋ ಥರ. ಬಂದಿದ್ದನ್ನ ಗಾಜಿನ ಸ್ಲೈಡ್ ಮೇಲೆ ಸವರಿ, ಚುಚ್ಚಿದ ಜಾಗದಲ್ಲಿ ಹತ್ತಿ ಇಟ್ಟು ಒತ್ತಿ ಹಿಡ್ಕೊಳ್ಳಿ ಅಂತಾರೆ, ಅಷ್ಟೇ.

ನಿಜವಾಗ್ಲೂ ಕೆಡಿಸೋದು ಅಂದ್ರೆ ಏನೂ ಗೊತ್ತಿಲ್ಲದೆ ಮಾತ್ರೆ ನುಂಗೋದು. ಸೋಂಕಿನ ಲಕ್ಷಣ ಇದ್ರೆ ಡಾಕ್ಟರ್ ಒಂದು ಕೋರ್ಸ್ ಆಂಟಿಬಯೋಟಿಕ್ ಕೊಡೋದು ಸರಿ, ಆದ್ರೆ ಮುಗಿದ್ಮೇಲೆ ವಾಪಸ್ ಹೋಗಿ ತೋರಿಸ್ಬೇಕು, ಇಳಿದಿಲ್ಲ ಅಂತ ಇನ್ನೊಂದು ಮತ್ತೊಂದು ಅಂತ ಬದಲಾಯಿಸ್ತಾ ತಿಂಗಳು ಕಳೆಯೋದಲ್ಲ. ಗಂಟು ಟಿಬಿಯದ್ದಾಗಿದ್ರೆ, ಕೆಲವು ಆಂಟಿಬಯೋಟಿಕ್ ಅದನ್ನ ಅರೆಬರೆ ಅಡಗಿಸಿ ಕಾಯಿಲೆ ಪತ್ತೆಯಾಗೋದನ್ನೇ ತಡ ಮಾಡ್ತವೆ. ಸ್ಟೀರಾಯ್ಡ್ ಮಾತ್ರೆ ಇನ್ನೂ ಮೋಸ, ಲಿಂಫೋಮಾ ಅಂದ್ರೆ ಲಿಂಫ್ ನೋಡ್‌ಗಳ ಕ್ಯಾನ್ಸರ್, ಆ ಗಂಟು ಸ್ಟೀರಾಯ್ಡ್‌ಗೆ ಚಟ್ಟಂತ ಕುಗ್ಗಿ ವಾಸಿಯಾಯ್ತು ಅನ್ನಿಸಿಬಿಡುತ್ತೆ, ಆಮೇಲೆ ಗಂಟಿನ ತುಣುಕು ತೆಗೆದು ನೋಡೋ ಬಯಾಪ್ಸೀಲೂ ಕಾಯಿಲೆ ಸರಿಯಾಗಿ ಸಿಗಲ್ಲ.

ಟಿಬಿ ಅಂದ ತಕ್ಷಣ ತಟ್ಟೆ ಲೋಟ ಬೇರೆ ಮಾಡೋರಿಗೂ ಒಂದು ಮಾತು. ಬರೀ ಕತ್ತಿನ ಗಂಟಲ್ಲಿರೋ ಟಿಬಿ, ಹಳಬರು ಗಂಡಮಾಲೆ ಅಂತಿದ್ರಲ್ಲ ಅದು, ಉಸಿರಿನಿಂದ ಹರಡಲ್ಲ, ಶ್ವಾಸಕೋಶದಲ್ಲೂ ಇದ್ಯಾ ಅಂತ ಎಕ್ಸ್‌ರೇ ತೆಗೆದು ನೋಡ್ತಾರೆ. ಔಷಧಿ ಸಾಮಾನ್ಯವಾಗಿ 6 ತಿಂಗಳು. ತಗೊಳ್ತಿರುವಾಗ್ಲೇ ಗಂಟು ಒಮ್ಮೊಮ್ಮೆ ಇನ್ನಷ್ಟು ಊದುತ್ತೆ, ಅದನ್ನ ನೋಡಿ ಔಷಧಿ ಹಿಡೀತಿಲ್ಲ ಅಂತ ನೀವಾಗೇ ನಿಲ್ಲಿಸ್ಬೇಡಿ, ಡಾಕ್ಟರಿಗೆ ತೋರ್ಸಿ.

ಇನ್ನು ರಿಪೋರ್ಟಲ್ಲಿ ಸ್ಯಾಂಪಲ್ ಸಾಲದು ಅಂತ ಬಂದ್ರೆ ಅದು ಒಳ್ಳೇ ಸುದ್ದಿನೂ ಅಲ್ಲ ಕೆಟ್ಟ ಸುದ್ದಿನೂ ಅಲ್ಲ, ಇನ್ನೊಂದ್ಸಲ ಮಾಡಿಸ್ಬೇಕು ಅಷ್ಟೇ, ಬೇಜಾರಾಗಿ ಅಲ್ಲಿಗೇ ಬಿಟ್ಟುಬಿಡೋರೇ ಜಾಸ್ತಿ ಅನ್ಸುತ್ತೆ ನನಗೆ. ಲಿಂಫೋಮಾ ಅನುಮಾನ ಇದ್ರಂತೂ ಸೂಜೀಲಿ ಸಿಕ್ಕಷ್ಟು ಸಾಲದೆ ಇಡೀ ನೋಡ್ ತೆಗೆದು ಬಯಾಪ್ಸಿಗೆ ಕಳಿಸ್ತಾರೆ, ಎರಡೆರಡು ಸಲ ಯಾಕೆ ಟೆಸ್ಟು, ದುಡ್ಡು ಮಾಡೋಕಾ ಅಂತ ಅವತ್ತು ಜಗಳಕ್ಕೆ ನಿಲ್ಬೇಡಿ.