ಮಾತಿನ ಮಧ್ಯಾನೇ ಇಂಟರ್ವಲ್ಲಾ?

ಕ್ರೈಮ್ ಪಿಕ್ಚರ್, ವೆಸ್ಟರ್ನ್ ಅಂದ್ರೆ ನಂಗೆ ಥಿಯೇಟರ್‌ನಲ್ಲೇ ನೋಡ್ಬೇಕು. 2023ರಲ್ಲಿ ಹಾಲಿವುಡ್ ಡೈರೆಕ್ಟರ್ ಸ್ಕೋರ್ಸೆಸಿಯ ‘ಕಿಲ್ಲರ್ಸ್ ಆಫ್ ದಿ ಫ್ಲವರ್ ಮೂನ್’ ಬಂದಾಗ ಇಲ್ಲೇ ಪುಣೆಯಲ್ಲಿ, ಕೋಥ್ರೂಡ್‌ನಿಂದ ಟ್ರಾಫಿಕ್ ದಾಟ್ಕೊಂಡು ಹೋದೆ, 3 ಗಂಟೆ 26 ನಿಮಿಷದ ಪಿಕ್ಚರು, ಅದ್ರಲ್ಲಿ ಇಂಟರ್ವಲ್ ಅಂತ ಅವರು ಇಟ್ಟೇ ಇಲ್ಲ, 1920ರ ದಶಕದಲ್ಲಿ ಕಚ್ಚಾ ತೈಲದ ದುಡ್ಡಿಗೋಸ್ಕರ ಅಮೆರಿಕದ ಮೂಲನಿವಾಸಿ ಓಸೇಜ್ ಜನರನ್ನ ಒಬ್ಬೊಬ್ಬರಾಗಿ ಕೊಂದ ನಿಜವಾದ ಕಥೆ, ನೋಡ್ತಾ ನೋಡ್ತಾ ಸಂಕಟ ಒಳಗೊಳಗೇ ಏರ್ಬೇಕು. ಈ ಥಿಯೇಟರ್‌ನೋರು ಮಾತಿನ ಮಧ್ಯಾನೇ ಕಟ್ ಮಾಡಿ ಲೈಟ್ ಹಾಕ್ಬಿಟ್ರು! ಪಾಪ್‌ಕಾರ್ನ್ ಹುಡುಗ ಮುಖದ ಮುಂದೆ, ಸ್ಕ್ರೀನ್ ಮೇಲೆ ಫ್ಲ್ಯಾಟ್ ಜಾಹೀರಾತು. ಮತ್ತೆ ಶುರುವಾದಾಗ ಪಕ್ಕದೋರ ಸಮೋಸಾ ಕವರ್ ಪರಪರ, ಕಥೆಯ ಓಸೇಜ್ ನಾಯಕಿ ಮೋಲಿ ಮೆತ್ತಗೆ ಆಡಿದ ಮಾತು ಒಂದೂ ಕೇಳಿಸ್ಲಿಲ್ಲ, ತುಂಬಾ ಹೊಟ್ಟೆ ಉರೀತು ಕಣ್ರೀ. ನಿಲ್ಲಿಸ್ಲೇಬೇಕಂದ್ರೆ ಆ ಒಂದು ಸೀನ್ ಮುಗಿಯೋ ತನಕ ಆದ್ರೂ ಕಾಯ್ರಪ್ಪಾ.