ಕಟಕಟ ಯಾರದ್ದು?

ರೋಡ್ ಬೈಕ್, ಅಂದರೆ ರಸ್ತೆಯಲ್ಲಿ ಜೋರಾಗಿ ಓಡಿಸುವ ಬಗ್ಗಿದ ಹ್ಯಾಂಡಲ್ಲಿನ ಸೈಕಲ್, ಇಟ್ಟುಕೊಂಡವರಲ್ಲಿ ಒಂದು ವಿಚಿತ್ರ ರೂಢಿ ಇದೆ. ಯಾರಾದರೂ ಹೊಸ ಸೈಕಲ್ ತಂದರೆ ಅದನ್ನು ಓಡಿಸಿ ನೋಡುವುದಿಲ್ಲ, ಎತ್ತಿ ನೋಡುತ್ತಾರೆ. ಅದೂ ಫ್ರೇಮಿನ ಮೇಲಿನ ಪೈಪಿಗೆ ಎರಡೇ ಬೆರಳು ಕೊಟ್ಟು. ಎತ್ತಿದವನ ಹುಬ್ಬು ಮೇಲೇರಿದರೆ ಸೈಕಲ್ ಪಾಸು. ಮೂರನೇ ಬೆರಳು ಬೇಕಾಯಿತೋ, ಫೇಲು. ನನ್ನದು ಅಗ್ಗದ ಅಲ್ಯೂಮಿನಿಯಂ ಸೈಕಲ್. ತೂಕ ಹತ್ತು ಕೆಜಿ ಚಿಲ್ಲರೆ. ಅದನ್ನು ಎತ್ತಿದವರಿಗೆಲ್ಲ ಮೂರನೇ ಬೆರಳು ಬೇಕಾಗುತ್ತದೆ. ಇಳಿಸುವಾಗ ಎಲ್ಲರೂ ಹೇಳುವ ಮಾತು ಒಂದೇ: "ಪರವಾಗಿಲ್ಲ, ಶುರು ಮಾಡೋಕೆ ಸಾಕು."

ನಾನು ಶುರು ಮಾಡಿ ಎಷ್ಟೋ ವರ್ಷಗಳಾದವು. ಅದನ್ನು ಯಾರೂ ಕೇಳುವುದಿಲ್ಲ.

ನಮ್ಮ ಗುಂಪಿನಲ್ಲಿ ಒಬ್ಬ ತಜ್ಞ ಇದ್ದಾನೆ. ಒಳ್ಳೆಯ ಗೆಳೆಯ, ಚೆನ್ನಾಗಿಯೇ ಓಡಿಸುತ್ತಾನೆ. ಅವನ ಸೈಕಲ್ ಪೂರ್ತಿ ಕಾರ್ಬನ್, ಅಂದರೆ ಹಗುರವಾದ, ದುಬಾರಿ ಕಾರ್ಬನ್ ಫೈಬರಿನದ್ದು, ತೂಕ ಏಳು ಕೆಜಿ ಆಸುಪಾಸು. "ಸೀರಿಯಸ್ ಆಗಿ ಓಡಿಸೋದಾದ್ರೆ ಇದು ಆಗಲ್ಲ ಕಣೋ" ಎಂದು ನನ್ನ ಸೈಕಲ್ ಕಡೆ ನೋಡಿ ಮರುಗುತ್ತಾನೆ. ಆಸ್ಪತ್ರೆಯಲ್ಲಿ ಮಲಗಿರುವವರನ್ನು ನೋಡಲು ಬಂದವರ ಮುಖ ಇರುತ್ತದಲ್ಲ, ಥೇಟ್ ಅದೇ ಮುಖ.

ಒಂದು ಸಲ ಕೂತು ಲೆಕ್ಕ ಹಾಕಿದೆ. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವಾದ ಯುಸಿಐ 2000ನೇ ಇಸವಿಯಲ್ಲಿ ಒಂದು ನಿಯಮ ತಂದಿತು. ರೇಸಿನ ಸೈಕಲ್ 6.8 ಕೆಜಿಗಿಂತ ಕಡಿಮೆ ತೂಗುವ ಹಾಗಿಲ್ಲ. ಎಷ್ಟೇ ಹಣ ಸುರಿದರೂ ರೇಸಿನಲ್ಲಿ ಅದಕ್ಕಿಂತ ಕೆಳಗೆ ಹೋಗುವಂತಿಲ್ಲ. ಅಂದರೆ ಆ ದೊಡ್ಡವರಿಗೂ ನನಗೂ ಇರುವ ಅಂತರ ಹೆಚ್ಚೆಂದರೆ ನಾಲ್ಕು ಕೆಜಿ. ಆದರೆ ಏರು ಹತ್ತುವಾಗ ಸೈಕಲ್ ಒಂದೇ ಹತ್ತುವುದಿಲ್ಲವಲ್ಲ. ಅದರ ಮೇಲೆ ನಾನೂ ಇರುತ್ತೇನೆ, ನೀರಿನ ಬಾಟಲಿಗಳೂ ಇರುತ್ತವೆ. ಎಲ್ಲ ಸೇರಿ 85 ಕೆಜಿ ಅಂದುಕೊಳ್ಳಿ. ಅದರಲ್ಲಿ ಮೂರು ಕೆಜಿ ಇಳಿದರೆ ನೂರಕ್ಕೆ ಮೂರೂವರೆ ಪಾಲು ಇಳಿದಂತೆ. ಅಷ್ಟೇ ಬಲ ಹಾಕಿ ತುಳಿದರೆ, ಒಂದು ಗಂಟೆ ಹಿಡಿಯುವ ಕಡಿದಾದ ಏರಿನಲ್ಲಿ ಎರಡು ನಿಮಿಷ ಉಳಿಯುತ್ತದೆ. ರೇಸು ಓಡುವವನಿಗೆ ಎರಡು ನಿಮಿಷ ಅಂದರೆ ಬದುಕು ಸಾವಿನ ಪ್ರಶ್ನೆ, ಒಪ್ಪುತ್ತೇನೆ. ನನಗೋ, ಮೇಲೆ ತಲುಪಿದ ಮೇಲೆ ಮಾತಾಡುವಷ್ಟು ಉಸಿರು ಬರಲು ಅದಕ್ಕಿಂತ ಜಾಸ್ತಿ ಹೊತ್ತು ಬೇಕು.

ಸಮತಟ್ಟು ರಸ್ತೆಯಲ್ಲಂತೂ ತೂಕದ ಮಾತೇ ಬರುವುದಿಲ್ಲ. ಅಲ್ಲಿ ಜಗಳ ಗಾಳಿಯ ಜೊತೆ. ಗಾಳಿ ತಡೆಯುವುದರಲ್ಲಿ ಮುಕ್ಕಾಲು ಪಾಲು ಓಡಿಸುವವನ ಮೈಯದ್ದು. ಉಳಿದದ್ದು ಸೈಕಲ್‌ನದ್ದು. ಸ್ವಲ್ಪ ಬಗ್ಗಿ ಕೂತರೆ ಸಾವಿರಾರು ರೂಪಾಯಿ ಚಕ್ರಕ್ಕಿಂತ ಜಾಸ್ತಿ ಲಾಭ. ಬಗ್ಗುವುದು ಪುಕ್ಕಟೆ. ಹೊಟ್ಟೆ ಅಡ್ಡ ಬರುತ್ತದೆ ಅನ್ನುವುದು ಬೇರೆ ವಿಷಯ, ಅದನ್ನು ಇಲ್ಲಿ ಎತ್ತುವುದು ಬೇಡ.

ಹಾಗಂತ ಅಗ್ಗದ ಸೈಕಲ್‌ನಲ್ಲಿ ಕೊರತೆಯೇ ಇಲ್ಲ ಅಂತ ನಾನು ವಾದಿಸುವುದಿಲ್ಲ. ನನ್ನದರ ಜೊತೆ ಬಂದ ಬ್ರೇಕ್ ರಬ್ಬರ್ ಕಲ್ಲಿನಷ್ಟು ಗಟ್ಟಿ ಇತ್ತು. ಬಿಸಿಲಲ್ಲಿ ಹೇಗೋ ನಡೆಯುತ್ತಿತ್ತು. ಒಂದು ಮಳೆಯ ಬೆಳಿಗ್ಗೆ ಇಳಿಜಾರಿನ ಕೊನೆಯಲ್ಲಿ ಕೆಂಪು ದೀಪ ಬಿತ್ತು. ಎಲ್ಲರೂ ನಿಂತರು. ನಾನೂ ಬ್ರೇಕ್ ಹಿಡಿದೆ. ಸೈಕಲ್ ನನ್ನ ಮನವಿಯನ್ನು ಪರಿಶೀಲನೆಗೆ ತೆಗೆದುಕೊಂಡಿತು. ನಿಂತಿದ್ದವರ ನಡುವೆ "ಬಂದೆ, ಬಂದೆ, ಬಂದೆ" ಅನ್ನುತ್ತಾ ಹಾದು, ಗೆರೆ ದಾಟಿ, ಗೌರವದಿಂದ ಮೂರು ಮಾರು ಆಚೆ ನಿಂತೆ. ತಜ್ಞ ಹಿಂದಿನಿಂದ "ಹೇಳಿರ್ಲಿಲ್ವಾ!" ಎಂದು ಕೂಗಿದ. ಮಾರನೇ ದಿನವೇ ಒಳ್ಳೆಯ ಮೆತ್ತನೆ ರಬ್ಬರ್ ಹಾಕಿಸಿದೆ. ಆಮೇಲೆ ಅದೇ ಬ್ರೇಕು, ಅದೇ ಲಿವರ್, ಅದೇ ಮಳೆ. ಹಿಡಿದಲ್ಲಿ ನಿಲ್ಲುತ್ತದೆ.

ಟೈರಿನ ಕತೆಯೂ ಹೀಗೆಯೇ. ತಯಾರಿಸುವವರು ಹಣ ಉಳಿಸುವುದು ನೋಡುವವರ ಕಣ್ಣಿಗೆ ಬೀಳದ ಜಾಗದಲ್ಲಿ. ಫ್ರೇಮಿಗೆ ಹೊಳೆಯುವ ಬಣ್ಣ ಬಳಿಯುತ್ತಾರೆ. ಟೈರು ಮಾತ್ರ ದಪ್ಪ, ಬಿಗಿ, ಭಾರ. ಅದನ್ನು ಬದಲಾಯಿಸಿದ ದಿನ ಸೈಕಲ್ ಬೇರೆಯೇ ಆಯಿತೇನೋ ಅನ್ನಿಸಿತು. ನನ್ನ ಕೇಳಿದರೆ, ಅಗ್ಗದ ಸೈಕಲ್ ಕೊಳ್ಳುವವರು ಉಳಿದ ದುಡ್ಡಿನಲ್ಲಿ ಮೊದಲು ಟೈರು, ಬ್ರೇಕ್ ರಬ್ಬರ್, ತಮ್ಮ ಮೈಗೆ ಒಪ್ಪುವ ಸೀಟು ತೆಗೆದುಕೊಳ್ಳಲಿ. ಆದರೆ ಬಗ್ಗಿದ ಹ್ಯಾಂಡಲ್ ಒಂದನ್ನು ಸಿಕ್ಕಿಸಿ ರೋಡ್ ಬೈಕ್ ಅಂತ ಮಾರುವ ಸೈಕಲ್‌ಗಳ ಹತ್ತಿರ ಹೋಗಬೇಡಿ. ಕೆಲವದರಲ್ಲಿ ಗೇರು ಬದಲಿಸಲು ಪ್ರತಿ ಸಲ ಹ್ಯಾಂಡಲ್‌ನಿಂದ ಕೈ ತೆಗೆಯಬೇಕು. ಹಿಂದಿನ ಚಕ್ರದ ಆಕ್ಸಲ್ ಬಾಗುವ ಕಾಟ ಬೇರೆ. ಅದು ಅಗ್ಗವಲ್ಲ, ಸುಮ್ನೆ ವೇಷ.

ಈಗ ಕಟಕಟದ ವಿಷಯಕ್ಕೆ ಬರುತ್ತೇನೆ.

ಒಂದು ಭಾನುವಾರ ತಜ್ಞನೂ ನಾನೂ ಅಕ್ಕಪಕ್ಕ ಹೋಗುತ್ತಿದ್ದೆವು. ಸಣ್ಣ ಏರು ಬಂತು. ಜೋರಾಗಿ ತುಳಿಯುತ್ತಿದ್ದಂತೆ ಶುರುವಾಯಿತು. ಕಟ್... ಕಟ್... ಕಟ್... ಪೆಡಲ್ ಒಂದು ಸುತ್ತು ತಿರುಗಿದರೆ ಒಂದು ಸಲ, ತಪ್ಪದೆ. ತಜ್ಞ ಕಿವಿ ನಿಮಿರಿಸಿದ. "ನಿನ್ನ ಫ್ರೇಮು ಕಣೋ. ವೆಲ್ಡಿಂಗ್ ಬಿಡ್ತಾ ಇದೆ. ಜೀವದ ಜೊತೆ ಆಟ ಆಡ್ಬೇಡ" ಅಂದ. ವೆಲ್ಡಿಂಗ್ ಅಂದ ಮೇಲೆ ನನ್ನ ಕಾಲಿನ ಬಲವೇ ಹೋಯಿತು. ಉಳಿದ ದಾರಿಯನ್ನು ಮೊಟ್ಟೆಯ ಮೇಲೆ ಕೂತವನ ಹಾಗೆ ಓಡಿಸಿಕೊಂಡು ಮನೆ ಸೇರಿದೆ.

ಮನೆಯಲ್ಲಿ ಸೈಕಲ್ ಬಿಚ್ಚಿದೆ. ಫ್ರೇಮಿನ ಒಂದೊಂದು ಬೆಸುಗೆಯನ್ನೂ ಟಾರ್ಚ್ ಹಾಕಿ ನೋಡಿದೆ. ಬಿರುಕಿಲ್ಲ. ಪೆಡಲ್ ತೆಗೆದು ಗ್ರೀಸ್ ಹಚ್ಚಿದೆ. ಸೀಟಿನ ಪೈಪು ತೆಗೆದು ಒರೆಸಿದೆ. ಚೈನ್ ತೊಳೆದೆ. "ಇಷ್ಟು ಪ್ರೀತಿಯಿಂದ ಒಂದು ದಿನ ಮಿಕ್ಸಿ ತೊಳೆದಿದ್ದರೆ" ಎಂದು ಹೆಂಡತಿ ಯಾರಿಗೋ ಎಂಬಂತೆ ಹೇಳಿಕೊಂಡಳು. ಮುಂದಿನ ಭಾನುವಾರ ಹೊರಟರೆ ಮತ್ತೆ ಅದೇ ಕಟ್, ಕಟ್. ತಜ್ಞ ತಲೆ ಆಡಿಸಿದ. ನಾನು ಬೇರಿಂಗ್ ಬದಲಾಯಿಸಿದೆ. ಮತ್ತೆ ಕಟ್, ಕಟ್. ಹೊಸ ಸೈಕಲ್‌ಗಳ ಬೆಲೆ ನೋಡಲು ಶುರು ಮಾಡಿದೆ. ಬೆಲೆ ನೋಡಿ ಮತ್ತೆ ಗ್ರೀಸ್ ಹಚ್ಚಿದೆ.

ಆಮೇಲೆ ಒಂದು ವಾರ ಅವನಿಗೆ ಮನೆಯಲ್ಲಿ ಏನೋ ಕೆಲಸ. ಬರಲಿಲ್ಲ. ನಾನೊಬ್ಬನೇ ಅದೇ ಏರು ಹತ್ತಿದೆ. ಸದ್ದಿಲ್ಲ. ಎದ್ದು ನಿಂತು ತುಳಿದೆ. ಸದ್ದಿಲ್ಲ. ಸಿಟ್ಟಿನಿಂದ ತುಳಿದೆ. ನನ್ನ ಉಸಿರು ಬಿಟ್ಟರೆ ಬೇರೆ ಏನೂ ಇಲ್ಲ.

ಕುಣಿಯಲು ಬಾರದವಳು ನೆಲ ಡೊಂಕು ಅಂದಳಂತೆ. ನಮ್ಮವನಿಗೆ ಕುಣಿಯಲೂ ಬರುತ್ತದೆ. ಆದರೆ ಅವನು ಹೇಳುವುದು ಪಕ್ಕದವನ ನೆಲ ಡೊಂಕು ಅಂತ!

ಕಾರಣ ಆಮೇಲೆ ಗೊತ್ತಾಯಿತು. ಪೆಡಲ್ ತೋಳುಗಳು ತಿರುಗುವ ಬೇರಿಂಗ್ ಇದೆಯಲ್ಲ, ಬಾಟಮ್ ಬ್ರ್ಯಾಕೆಟ್, ನನ್ನ ಸೈಕಲ್‌ನಲ್ಲಿ ಅದನ್ನು ಸ್ಕ್ರೂ ಥರ ತಿರುಗಿಸಿ ಬಿಗಿಯುತ್ತಾರೆ. ಹಳೇ ಕಾಲದ ವಿಧಾನ. ದುಬಾರಿ ಕಾರ್ಬನ್ ಫ್ರೇಮುಗಳಲ್ಲಿ ಎಷ್ಟೋ ಕಡೆ ಅದನ್ನು ಒತ್ತಿ ಕೂರಿಸುತ್ತಾರೆ. ಅಳತೆ ಕೂದಲೆಳೆಯಷ್ಟು ಹೆಚ್ಚುಕಡಿಮೆ ಆದರೂ ಸಾಕು, ತುಳಿದಾಗಲೆಲ್ಲ ಮಾತಾಡುತ್ತದೆ. ಈ ಕಾಟ ತಾಳಲಾರದೆ ಕೆಲವು ತಯಾರಕರು ದುಬಾರಿ ಸೈಕಲ್‌ಗಳಲ್ಲೂ ಮತ್ತೆ ತಿರುಗಿಸಿ ಬಿಗಿಯುವ ವಿಧಾನಕ್ಕೇ ವಾಪಸ್ ಬಂದಿದ್ದಾರೆ. ಇದನ್ನೆಲ್ಲ ತಜ್ಞನಿಗೆ ವಿವರಿಸಿದೆ. ಅವನು ಸ್ವಲ್ಪ ಹೊತ್ತು ಯೋಚಿಸಿ, "ಕಾರ್ಬನ್ ಸ್ವಲ್ಪ ಸೂಕ್ಷ್ಮ ಕಣೋ" ಅಂದ. ಅದೇ ಸದ್ದು ನನ್ನದಾಗಿದ್ದಾಗ ಕಳಪೆ, ಅವನದಾದ ಕೂಡಲೇ ಸೂಕ್ಷ್ಮ!

ಅವನ ಗೇರು ಎಲೆಕ್ಟ್ರಾನಿಕ್. ಬೆರಳು ತಾಗಿಸಿದರೆ ಬದಲಾಗುತ್ತದೆ. ನಿಜಕ್ಕೂ ಚಂದ. ಚಾರ್ಜ್ ಹಾಕುವುದು ಮರೆತ ದಿನ ಮಾತ್ರ ಮುಂದಿನ ಗೇರು ದೊಡ್ಡ ಹಲ್ಲುಚಕ್ರದಲ್ಲೇ, ಅಂದರೆ ತುಳಿಯಲು ಭಾರವಾದ ಕಡೆಯೇ, ಕೈಕೊಟ್ಟಿತು. ಅದರಲ್ಲೇ ಪೂರ್ತಿ ಏರು ಹತ್ತಿದ. ಆ ದಿನ ಅವನಷ್ಟು ಸೀರಿಯಸ್ ಆಗಿ ಸೈಕಲ್ ತುಳಿದವರನ್ನು ನಾನು ನೋಡಿಲ್ಲ.

ಈ ಸೀರಿಯಸ್ ಅನ್ನುವುದನ್ನು ಯಾರು ಅಳೆಯುತ್ತಾರೋ ಗೊತ್ತಿಲ್ಲ. ಬ್ರೆವೆ ಅಂತ ದೂರದ ಸವಾರಿಗಳಿವೆ. 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆ ಕೊಡುತ್ತಾರೆ. ಫ್ರಾನ್ಸಿನಲ್ಲಿ ಪ್ಯಾರಿಸ್ ಹತ್ತಿರದಿಂದ ಬ್ರೆಸ್ಟ್ ಎಂಬ ಊರಿಗೆ ಹೋಗಿ ಮತ್ತೆ ಪ್ಯಾರಿಸ್ ಕಡೆಗೆ ಬರುವ ಸವಾರಿ ಸುಮಾರು 1200 ಕಿಲೋಮೀಟರು, ಹೆಚ್ಚೆಂದರೆ 90 ಗಂಟೆ. ಅಲ್ಲಿ ಯಾರೂ ಸೈಕಲ್ ಎತ್ತಿ ನೋಡಿ ಒಳಗೆ ಬಿಡುವುದಿಲ್ಲ. ಇನ್ನು ಗ್ರೇಮ್ ಓಬ್ರೀ ಅಂತ ಒಬ್ಬ ಸ್ಕಾಟ್ಲೆಂಡಿನವನಿದ್ದಾನೆ. ತನ್ನ ಸೈಕಲ್ ತಾನೇ ಕಟ್ಟಿಕೊಂಡ. ಬೇರಿಂಗ್ ತೆಗೆದದ್ದು ಬಟ್ಟೆ ಒಗೆಯುವ ಮೆಷಿನ್‌ನಿಂದ. 1993ರಲ್ಲಿ ಒಂದು ಗಂಟೆಯಲ್ಲಿ 51.596 ಕಿಲೋಮೀಟರ್ ಓಡಿಸಿ ವಿಶ್ವದಾಖಲೆ ಮಾಡಿದ. ದಾಖಲೆ ಒಂದು ವಾರವೂ ಉಳಿಯಲಿಲ್ಲ, ಅದು ಬೇರೆ ಮಾತು. ಈ ಕತೆಯನ್ನು ಮನೆಯಲ್ಲಿ ಮಾತ್ರ ಹೇಳಬೇಡಿ. ನಾನು ಹೇಳಿದ ದಿನದಿಂದ ಹೆಂಡತಿ ವಾಷಿಂಗ್ ಮೆಷಿನ್ ಇರುವ ಕೋಣೆಯ ಬಾಗಿಲು ಹಾಕಿಯೇ ಇಡುತ್ತಾಳೆ.

ಮೊನ್ನೆ ತಜ್ಞನ ಸೈಕಲ್ ಆ ಕಟಕಟದ ಚಿಕಿತ್ಸೆಗೆ ಹೋಗಿತ್ತು. ಬೇಕಾದ ಭಾಗ ಬರಲು ತಡ ಅಂದರಂತೆ. ನನಗೆ ಫೋನ್ ಮಾಡಿದ. "ಮಾರಾಯ, ಭಾನುವಾರ ನೀನು ಹೇಗಿದ್ರೂ ಮದುವೆಗೆ ಹೋಗ್ತೀಯಲ್ಲ, ನಿನ್ನ ಸೈಕಲ್ ಕೊಡ್ತೀಯಾ?" ಕೊಟ್ಟೆ. ಸಂಜೆ ತಂದು ನಿಲ್ಲಿಸಿದ. ಹೇಗಿತ್ತು ಅಂದೆ. "ಪರವಾಗಿಲ್ಲ, ಬ್ರೇಕ್ ಚೆನ್ನಾಗಿದೆ" ಅಂದ. ಎಷ್ಟು ದೂರ ಹೋದೆ ಅಂತ ಕೇಳಿದ್ದಕ್ಕೆ ಮಾತು ಹಾರಿಸಿದ. ಗುಂಪಿನ ಇನ್ನೊಬ್ಬರಿಂದ ಆಮೇಲೆ ತಿಳಿಯಿತು, ಆ ಏರಿನಲ್ಲಿ ಅವತ್ತೂ ಎಲ್ಲರಿಗಿಂತ ಮೊದಲು ಮೇಲೆ ತಲುಪಿದ್ದು ಅವನೇ ಅಂತೆ. ನನ್ನ ವಾದ ಗೆದ್ದಿತೋ ನನ್ನ ಮಾನ ಹೋಯಿತೋ ಇನ್ನೂ ತೀರ್ಮಾನವಾಗಿಲ್ಲ. ಅವನು ಸೀಟು ಎತ್ತರಿಸಿಕೊಂಡಿದ್ದ, ಇಳಿಸದೆ ಹಾಗೇ ಕೊಟ್ಟು ಹೋಗಿದ್ದಾನೆ. ಮೊದಲಿನ ಎತ್ತರ ನನಗೆ ಈಗಲೂ ಸಿಕ್ಕಿಲ್ಲ.