ಅಮ್ಮನ ಬ್ಯಾಗು, ಗಂಡುಮಕ್ಕಳ ನಾಚಿಕೆ

ದೊಡ್ಡ ಕರುಳಿನ ಕ್ಯಾನ್ಸರ್ ಬಗ್ಗೆ ಬರೆಯಬೇಕು ಅಂದರೆ ಕಕ್ಕಸಿನ ವಿಷಯ ಬರೆಯಲೇಬೇಕು. ಊಟ ಮಾಡುತ್ತಾ ಓದುತ್ತಿರುವವರು ಕೈ ತೊಳೆದುಕೊಂಡು ಬನ್ನಿ.

ನಮ್ಮಲ್ಲಿ ಎದೆನೋವು ಬಂದರೆ ಬೀದಿಗೆಲ್ಲ ಗೊತ್ತಾಗುತ್ತೆ. ಮಂಡಿನೋವಂತೂ ಮದುವೆಮನೆಯ ಮಾತು. ಆದರೆ ಮೋಷನ್ನಿನಲ್ಲಿ ರಕ್ತ ಹೋಗುತ್ತಿದೆ ಅನ್ನೋದನ್ನು ಹೆತ್ತ ಮಕ್ಕಳ ಹತ್ತಿರವೂ ಬಾಯಿ ಬಿಡುವುದಿಲ್ಲ. ನಮ್ಮಮ್ಮ ತಿಂಗಳುಗಟ್ಟಲೆ ಬಿಡಲಿಲ್ಲ. ಮೂಲವ್ಯಾಧಿ ಇರಬೇಕು ಅಂತ ತಾನೇ ತೀರ್ಮಾನ ಮಾಡಿಕೊಂಡು, ಖಾರ ಬಿಟ್ಟು, ಸುವರ್ಣಗೆಡ್ಡೆ ಪಲ್ಯ ತಿಂದು, ಮಜ್ಜಿಗೆ ಕುಡಿದುಕೊಂಡು ಇದ್ದಳು. ಸುಸ್ತು ಅಂದಾಗ ರಕ್ತ ಕಡಿಮೆ ಇದೆ ಅಂತ ಐರನ್ ಮಾತ್ರೆ ಬಂತು. ಇದ್ದ ರಕ್ತ ಎಲ್ಲಿಗೆ ಹೋಯಿತು ಅಂತ ಯಾರೂ ಕೇಳಲಿಲ್ಲ. ಅರವತ್ತು ದಾಟಿದವರಿಗೆ ಕಾರಣವಿಲ್ಲದೆ ರಕ್ತ ಕಡಿಮೆಯಾದರೆ, ಕಕ್ಕಸಿನ ಅಭ್ಯಾಸ ಬದಲಾಗಿ ಹಾಗೇ ಉಳಿದರೆ, ಕೊಲೊನೋಸ್ಕೋಪಿ, ಅಂದರೆ ಕ್ಯಾಮೆರಾ ಇರುವ ಕೊಳವೆ ಹಾಕಿ ದೊಡ್ಡ ಕರುಳನ್ನು ಒಳಗಿನಿಂದ ನೋಡುವ ಪರೀಕ್ಷೆ, ಬೇಕಾ ಅಂತ ಡಾಕ್ಟರನ್ನು ಕೇಳಲೇಬೇಕು. ಮೂಲವ್ಯಾಧಿಯೇ ಇರಬಹುದು. ಆದರೆ ಅದನ್ನು ನೋಡಿ ಹೇಳಬೇಕು, ಊಹೆ ಮಾಡಿ ಅಲ್ಲ.

ಕೊನೆಗೆ ಹೊಟ್ಟೆ ಉಬ್ಬಿ, ವಾಂತಿ ಶುರುವಾಗಿ, ಗಾಳಿಯೂ ಹೋಗದೆ ಆಸ್ಪತ್ರೆ ಸೇರಿದಳು. ಗಡ್ಡೆ ಕರುಳನ್ನೇ ಮುಚ್ಚಿಬಿಟ್ಟಿತ್ತು. ರಾತ್ರೋರಾತ್ರಿ ಆಪರೇಷನ್. ಆ ಭಾಗವನ್ನು ತೆಗೆದು, ಉಳಿದ ಕರುಳಿನ ತುದಿಯನ್ನು ಹೊಟ್ಟೆಯ ಎಡಗಡೆ ಹೊರಗೆ ತಂದು ಹೊಲಿದಿದ್ದರು. ಇದು ಸ್ಟೋಮಾ. ಮಲ ಅಲ್ಲಿಂದಲೇ ಬರುತ್ತೆ. ಮೇಲೆ ಒಂದು ಬ್ಯಾಗ್ ಅಂಟಿಸಿರುತ್ತಾರೆ.

ನನ್ನ ತಕರಾರು ಇಲ್ಲಿಂದ ಶುರು. ಮಗ ಅಂದರೆ ದುಡ್ಡು ಹೊಂದಿಸಬೇಕು, ಕಾರು ಓಡಿಸಬೇಕು, ಡಾಕ್ಟರ ಎದುರು ಫೈಲು ಹಿಡಿದು ಕೂರಬೇಕು. ಬ್ಯಾಗ್ ಬದಲಿಸೋದು ಸೊಸೆಯ ಕೆಲಸ. ಯಾರೂ ಕೂತು ಹಂಚಿದ್ದಲ್ಲ, ತಾನಾಗೇ ಹಂಚಿಹೋಗುತ್ತೆ. ಕಲಿಸಿಕೊಡಲು ಬಂದ ನರ್ಸ್ ಕೂಡ ನೇರವಾಗಿ ನನ್ನ ಹೆಂಡತಿಯ ಕಡೆ ತಿರುಗಿದರು. ನಾನೂ ಕಲೀತೀನಿ ಅಂದೆ. "ನೀನು ಆಚೆ ಹೋಗೋ, ಗಂಡಸರು ನೋಡೋದಲ್ಲ ಇದು" ಅಂದಳು ಅಮ್ಮ. ಹೋಗಲಿಲ್ಲ. ಅವಳು ಗೋಡೆ ಕಡೆ ಮುಖ ತಿರುಗಿಸಿಕೊಂಡಳು. ಮೊದಲ ಕೆಲವು ದಿನ ಹಾಗೇ ಇತ್ತು.

ಕಲಿತರೆ ಅದೇನು ಬ್ರಹ್ಮವಿದ್ಯೆ ಅಲ್ಲ. ಸ್ಟೋಮಾ ಕೆಂಪಗೆ, ಒದ್ದೆ ಒದ್ದೆಯಾಗಿರುತ್ತೆ. ಮುಟ್ಟಿದರೆ ನೋವಾಗಲ್ಲ. ನೋವೇನಿದ್ದರೂ ಸುತ್ತಲಿನ ಚರ್ಮಕ್ಕೆ. ಬ್ಯಾಗಿನ ತೂತನ್ನು ಸ್ಟೋಮಾದ ಅಳತೆಗೆ ಸರಿಯಾಗಿ ಕತ್ತರಿಸಬೇಕು. ದೊಡ್ಡದಾದರೆ ಮಲ ತಾಗಿ ಚರ್ಮ ಕಿತ್ತುಬರುತ್ತೆ. ಮೊದಲ ಕೆಲವು ವಾರ ಊತ ಇಳಿಯುತ್ತಾ ಸ್ಟೋಮಾ ಚಿಕ್ಕದಾಗುತ್ತೆ, ಹಾಗಾಗಿ ಪ್ರತಿ ಸಲ ಅಳೆಯಬೇಕು. ಚರ್ಮವನ್ನು ನೀರಲ್ಲಿ ಒರೆಸಿ ಚೆನ್ನಾಗಿ ಒಣಗಿಸಬೇಕು. ಕೊಬ್ಬರಿ ಎಣ್ಣೆ ಹಚ್ಚಿದರೆ ಬ್ಯಾಗ್ ಅಂಟೋದೇ ಇಲ್ಲ. ಅರ್ಧ ತುಂಬುವುದರೊಳಗೆ ಖಾಲಿ ಮಾಡಬೇಕು, ಇಲ್ಲದಿದ್ದರೆ ಭಾರಕ್ಕೆ ಬಿಟ್ಟುಕೊಳ್ಳುತ್ತೆ. ಅಷ್ಟೇ. ಬೈಕಿನ ಚೈನ್ ಹಾಕಲು ಬರುವವನಿಗೆ ಇದು ಬರಲ್ಲ ಅಂದರೆ ನಾನು ನಂಬಲ್ಲ.

ಇದು ಬರೀ ಹೆಂಡತಿಗೆ ಸಹಾಯ ಮಾಡುವ ಮಾತಲ್ಲ. ಅಮ್ಮನಿಗೆ ಕೀಮೋ ಶುರುವಾಯಿತು. ಮೂರು ವಾರಕ್ಕೊಮ್ಮೆ ಆಕ್ಸಾಲಿಪ್ಲಾಟಿನ್ ಡ್ರಿಪ್, ಜೊತೆಗೆ 14 ದಿನ ಕೆಪೆಸಿಟಬಿನ್ ಮಾತ್ರೆ, ಆಮೇಲೆ 7 ದಿನ ಬಿಡುವು. ಈ ಮಾತ್ರೆಗೆ ಭೇದಿ ಹತ್ತಬಹುದು. ಜೋರಾದರೆ ಮಾತ್ರೆ ನಿಲ್ಲಿಸಬೇಕು, ಡೋಸ್ ಇಳಿಸಬೇಕು. ಹಾಗಾಗಿ ಡಾಕ್ಟರು ಪ್ರತಿ ಸಲ ಕೇಳೋದು ಒಂದೇ: ಮೋಷನ್ ಎಷ್ಟು ಸಲ, ಗಟ್ಟಿಯಾ, ನೀರಾ? ಉತ್ತರ ಗೊತ್ತಿರೋದು ಬ್ಯಾಗ್ ಖಾಲಿ ಮಾಡಿದವರಿಗೆ. ಫೈಲು ಹಿಡಿದವನಿಗಲ್ಲ. ಪಕ್ಕದ ಕುರ್ಚಿಯಲ್ಲಿ ಎಷ್ಟೋ ಗಂಡುಮಕ್ಕಳು ಆ ಪ್ರಶ್ನೆಗೆ "ನಾರ್ಮಲ್ ಡಾಕ್ಟ್ರೇ" ಅನ್ನೋದನ್ನು ಕೇಳಿದ್ದೇನೆ. ತಾಯಿ ತಲೆ ತಗ್ಗಿಸಿ ಸುಮ್ನೆ ಕೂತಿರುತ್ತಾರೆ.

ಆಕ್ಸಾಲಿಪ್ಲಾಟಿನ್‌ಗೆ ತಣ್ಣಗಿರುವುದು ಯಾವುದೂ ಆಗಿಬರಲ್ಲ. ಡ್ರಿಪ್ ಆದ ಮೇಲೆ ಕೆಲವು ದಿನ ಸ್ಟೀಲ್ ಲೋಟ ಮುಟ್ಟಿದರೂ ಬೆರಳು ಜುಮ್ಮೆನ್ನುತ್ತೆ, ತಣ್ಣೀರು ಕುಡಿದರೆ ಗಂಟಲು ಹಿಡಿದ ಹಾಗಾಗುತ್ತೆ. ಅರಸೀಕೆರೆಯ ನಮ್ಮ ಮನೆಯ ರೆಡ್‌ಆಕ್ಸೈಡ್ ನೆಲ ಡಿಸೆಂಬರ್ ಬೆಳಗ್ಗೆ ಹೇಗಿರುತ್ತೆ ಅಂತ ಆ ಕಡೆಯವರಿಗೆ ಗೊತ್ತು. ಮನೆಯೊಳಗೆ ಚಪ್ಪಲಿ ಹಾಕ್ಕೋ ಅಂದರೆ, ದೇವರಮನೆ ಮುಂದೆ ಓಡಾಡೋದು ಹೇಗೆ ಅಂತ ಜಗಳ. ಕಾಲುಚೀಲಕ್ಕೆ ರಾಜಿಯಾಯಿತು. ಇನ್ನೊಂದು, ಕೀಮೋ ನಡೆಯುವಾಗ ಜ್ವರ 100.4 ಮುಟ್ಟಿದರೆ ಪ್ಯಾರಾಸಿಟಮಾಲ್ ಕೊಟ್ಟು ಬೆಳಗಾಗಲಿ ಅಂತ ಕಾಯಬೇಡಿ. ರಾತ್ರಿಯಾದರೂ ಆಸ್ಪತ್ರೆಗೆ ಹೊರಡಿ.

ನೋಡಲು ಬಂದವರ ಕಥೆ ಬೇರೆ. ಈ ಕೀಮೋದಲ್ಲಿ ಕೂದಲು ಪೂರ್ತಿ ಉದುರೋದು ಕಡಿಮೆ. ಅಮ್ಮನ ಜಡೆ ನೋಡಿ ಒಬ್ಬರಿಗೆ ನಿರಾಸೆಯೇ ಆಯಿತು. "ನಿಜವಾಗ್ಲೂ ಕೀಮೋ ಕೊಟ್ರಾ?" ಅಂತ ಕೇಳಿದರು. ಎಲ್ಲರೂ ಧೈರ್ಯವಾಗಿರಿ ಅಂದರು, ಲಕ್ಷ್ಮಣಫಲ ತಂದರು. ಕ್ಯಾನ್ಸರ್ ಅನ್ನುವ ಪದವನ್ನು ಮಾತ್ರ ಅಡುಗೆಮನೆಗೆ ಹೋಗಿ ಪಿಸುಗುಟ್ಟಿದರು. ಕಿದ್ವಾಯಿ ಅಂತ ಬೆಂಗಳೂರಿನ ಕ್ಯಾನ್ಸರ್ ಆಸ್ಪತ್ರೆಯ ಹೆಸರು ಹೇಳುವಾಗಲೂ ದನಿ ತಗ್ಗಿಸುವ ಜನ ನಾವು, ಅಲ್ವಾ?

ದುಡ್ಡಿನ ಓಡಾಟವನ್ನು ನಾನು ಹಗುರ ಮಾಡುತ್ತಿಲ್ಲ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತೆ, ಚಿಕಿತ್ಸೆಗೆ ಓಡಾಡುವವರಿಗೆ ರೈಲಿನಲ್ಲಿ ರಿಯಾಯಿತಿ ಇದೆ. ವಿಚಾರಿಸಿ.

ಕೀಮೋ ಮುಗಿದು ಕೆಲವು ತಿಂಗಳ ಮೇಲೆ ಅಮ್ಮನ ಕರುಳನ್ನು ಮತ್ತೆ ಒಳಗೆ ಜೋಡಿಸಿದರು. ಎಲ್ಲರಿಗೂ ಹಾಗಾಗಲ್ಲ, ಕೆಲವರಿಗೆ ಬ್ಯಾಗ್ ಜೀವನಪೂರ್ತಿ. ಅಮ್ಮ ಈಗ ಮುದ್ದೆ ಉಣ್ಣುತ್ತಾಳೆ. ಕ್ಯಾನ್ಸರ್ ಮರಳಿದೆಯಾ ಅಂತ ಸುಳಿವು ಹುಡುಕಲು ಆಗಾಗ ಸಿಇಎ ಅನ್ನುವ ರಕ್ತಪರೀಕ್ಷೆ, ಸ್ಕ್ಯಾನು ಇದ್ದೇ ಇದೆ. ಮೋಷನ್ ವಿಷಯ ಫೋನಿನಲ್ಲಿ ತಾನೇ ಹೇಳುತ್ತಾಳೆ, ಕೇಳದಿದ್ದರೂ.

ಇನ್ನು ನಮ್ಮ ಸರದಿ. ಹೆತ್ತವರಿಗೆ ಈ ಕ್ಯಾನ್ಸರ್ ಬಂದಿದ್ದರೆ ಮಕ್ಕಳು 40ಕ್ಕೆ, ಇಲ್ಲವೇ ಅವರಿಗೆ ಬಂದ ವಯಸ್ಸಿಗಿಂತ 10 ವರ್ಷ ಮೊದಲು, ಯಾವುದು ಮುಂಚೆಯೋ ಆಗ ಕೊಲೊನೋಸ್ಕೋಪಿ ಶುರು ಮಾಡಬೇಕು ಅಂತಾರೆ. ಸಾಮಾನ್ಯವಾಗಿ ಕರುಳಿನಲ್ಲಿ ಎದ್ದ ಸಣ್ಣ ಗಂಟು ಕ್ಯಾನ್ಸರ್ ಆಗಲು ವರ್ಷಗಳೇ ಬೇಕು. ಕಂಡರೆ ಹೆಚ್ಚಿನ ಸಲ ಅಲ್ಲೇ ತೆಗೆದುಬಿಡುತ್ತಾರೆ. ನಾನು ಮಾಡಿಸಿದೆ. ಕಷ್ಟ ಇರೋದು ಹಿಂದಿನ ದಿನ ಕುಡಿಯುವ ಭೇದಿ ಔಷಧಿಯಲ್ಲಿ, ಟೆಸ್ಟಿನಲ್ಲಲ್ಲ. ನಮ್ಮಣ್ಣ ನನಗಿಂತ ದೊಡ್ಡವನು, ಇನ್ನೂ ಮಾಡಿಸಿಲ್ಲ. ಕೇಳಿದರೆ "ಥೂ, ಅದೆಲ್ಲ ಬೇಡ ಬಿಡೋ" ಅಂತಾನೆ. ಅವನು ನನ್ನ ಪೋಸ್ಟ್‌ಗಳನ್ನೆಲ್ಲ ಓದುತ್ತಾನೆ, ಲೈಕ್ ಮಾತ್ರ ಒತ್ತಲ್ಲ. ಅದಕ್ಕೇ ಇಲ್ಲಿ ಬರೆದೆ.